ಗರ್ಜನೆಯಿಂದ ಪ್ರಶ್ನೆಗೆ

ಸಂಶೋಧನೆಗೆ ಯಾವ ವಿಷಯವನ್ನು ಆರಿಸಿಕೊಂಡಿರುವಿರಿ ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ “ಶಬ್ದ”, “ಬೆಳಕು” ಎಂದು ಒಂದೇ ಮಾತಿನಲ್ಲಿ ಉತ್ತರಿಸುತ್ತಾರೆ. ಇವು ಪಠ್ಯಪುಸ್ತಕದ ಅಧ್ಯಾಯಗಳ ಹೆಸರುಗಳೇ ಹೊರತು ಪ್ರಶ್ನೆಗಳಲ್ಲ. ವಿಷಯವು ಪ್ರಶ್ನೆಯಾಗುವುದು ಹೇಗೆ? ಮೈಸೂರಿನ ನಜರ್‌ಬಾದಿನಲ್ಲಿ ಯಾರಿಗಾದರೂ ದೊರೆಯಬಹುದಾದ ನಿದರ್ಶನವೊಂದನ್ನು ತೆಗೆದುಕೊಳ್ಳೋಣ.

ಇಲ್ಲಿಗೆ ಸಮೀಪದಲ್ಲಿಯೇ 1892ರಲ್ಲಿ ಸ್ಥಾಪಿತವಾದ ಮೃಗಾಲಯವಿದೆ. ಊರು ನಿಶ್ಶಬ್ದವಾದ ಮೇಲೆ ಸಿಂಹದ ಗರ್ಜನೆ ಮನೆಗಳವರೆಗೂ ತೇಲಿ ಬರುವುದುಂಟು. ಹಗಲಿನಲ್ಲಿ ಅದು ಕೇಳಿಸುವುದು ಅಪರೂಪ. ಇದೇಕೆ? “ಶಬ್ದ” ಎಂಬುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಈ “ಏಕೆ”ಯೊಳಗೆ ಮೂರು ಕಾರಣಗಳು ಹೆಣೆದುಕೊಂಡಿವೆ. ಸಿಂಹವು ಗರ್ಜಿಸುವುದೇ ಹೆಚ್ಚಾಗಿ ರಾತ್ರಿಯಲ್ಲಿ. ಹಗಲಿನ ವಾಹನಗಳ ಗದ್ದಲ ಗರ್ಜನೆಯನ್ನು ಮುಚ್ಚಿಬಿಡುತ್ತದೆ. ಮೂರನೆಯದು ಭೌತವಿಜ್ಞಾನಕ್ಕೆ ಸೇರಿದ್ದು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಮೋಡವಿಲ್ಲದ ರಾತ್ರಿ ನೆಲವು ಬೇಗನೆ ತಣ್ಣಗಾಗಿ, ಅದಕ್ಕೆ ಅಂಟಿದ ಗಾಳಿಯು ಮೇಲಿನ ಗಾಳಿಗಿಂತ ತಂಪಾಗಿರುತ್ತದೆ. ಆಗ ಶಬ್ದತರಂಗದ ಮೇಲ್ಭಾಗ ಮುಂದೋಡುವುದರಿಂದ ತರಂಗವು ನೆಲದ ಕಡೆಗೆ ಬಾಗುತ್ತದೆ. ಬಿಸಿಲಿನಲ್ಲಾದರೋ ಆಕಾಶದತ್ತ ಬಾಗಿ ಹೋಗಿಬಿಡುತ್ತದೆ.

ಇವನ್ನು ಬೇರ್ಪಡಿಸದೆ ಎಷ್ಟು ರಾತ್ರಿ ಕಿವಿಗೊಟ್ಟರೂ ಫಲವಿಲ್ಲ. 1921ರಲ್ಲಿ ಯೂರೋಪಿನಿಂದ ಹಡಗಿನಲ್ಲಿ ಹಿಂದಿರುಗುತ್ತಿದ್ದ ಸಿ. ವಿ. ರಾಮನ್ನರ ಮುಂದೆಯೂ ಇಂತಹುದೇ ತೊಡಕಿತ್ತು. ಕಡಲಿನ ನೀಲಿ ಆಕಾಶದ ಪ್ರತಿಫಲನವೋ, ನೀರಿನದೇ ಗುಣವೋ? ಅವರು ನಿಕೋಲ್ ಪಟ್ಟಕದ ಮೂಲಕ ತಕ್ಕ ಕೋನದಲ್ಲಿ ನೋಡಿ ಮೇಲ್ಮೈಯ ಪ್ರತಿಫಲನವನ್ನು ಅಡಗಿಸಿದರು. ನೀಲಿ ಮಾಸಲಿಲ್ಲ, ಮತ್ತಷ್ಟು ಸೊಗಸಾಗಿ ಕಂಡಿತು.

ನಮ್ಮ ನಿದರ್ಶನದಲ್ಲಿ ಮೊದಲು ಬಿಡಬೇಕಾದದ್ದು ಸಿಂಹವನ್ನೇ. (ವಿದ್ಯಾರ್ಥಿಗಳ ಮುಖ ಬಾಡುವುದು ಇಲ್ಲಿಯೇ; ನಮಗೂ ವ್ಯಸನವೇ.) ಅದರ ವೇಳೆಯಾಗಲಿ ಕಂಠಬಲವಾಗಲಿ ನಮ್ಮ ಅಧೀನದಲ್ಲಿಲ್ಲ. ಅದರ ಬದಲು ಬೆಳಗಿನ ಜಾವ ಒಂದೇ ವೇಳೆಗೆ ಹೊರಡುವ ರೈಲಿನ ಕೂಗನ್ನು ಹಿಡಿಯೋಣ. ವೇಳೆ ಒಂದೇ ಆದ್ದರಿಂದ ರಸ್ತೆಯ ಗದ್ದಲವೂ ಹೆಚ್ಚುಕಡಿಮೆ ಒಂದೇ. ಗಾಳಿ ಬೀಸುವ ದಿನಗಳನ್ನು ಲೆಕ್ಕಕ್ಕೆ ಸೇರಿಸಬಾರದು, ಬೀಸುಗಾಳಿಯೂ ಶಬ್ದವನ್ನು ಬಾಗಿಸುತ್ತದೆ. ಮೋಡವು ನೆಲದ ಶಾಖ ಹೊರಹೋಗದಂತೆ ತಡೆಯುವುದರಿಂದ ನಮ್ಮ ಪ್ರಶ್ನೆ ಹೀಗಾಗುತ್ತದೆ: ಬೀಸುಗಾಳಿಯಿಲ್ಲದ ಮುಂಜಾವಗಳಲ್ಲಿ, ಮೋಡ ಕವಿದ ದಿನಕ್ಕಿಂತ ನಿರ್ಮಲವಾದ ದಿನ ರೈಲಿನ ಕೂಗು ನಜರ್‌ಬಾದಿನ ಮಾಳಿಗೆಯ ಮೇಲೆ ಜೋರಾಗಿ ಕೇಳುವುದೆ?

ಇದಕ್ಕೆ “ಹೌದು” ಅಥವಾ “ಇಲ್ಲ” ಎನ್ನಬಹುದು. ಎರಡೂ ಬೆಲೆಯುಳ್ಳ ಉತ್ತರಗಳೇ. ಶಬ್ದಮಟ್ಟವನ್ನು ಅಳೆಯಲು ಒಂದೇ ಜಾಗದಲ್ಲಿರಿಸಿದ ಮೊಬೈಲ್ ಫೋನು, ನೆಲದ ಬಳಿ ಒಂದು ಹಾಗೂ ಮಾಳಿಗೆಯ ಕಂಬಕ್ಕೆ ಒಂದು ಉಷ್ಣಮಾಪಕ, ಒಂದು ದಿನಚರಿ ಪುಸ್ತಕ, ಇಷ್ಟಿದ್ದರೆ ಡಿಸೆಂಬರಿನಲ್ಲಿ ಕೆಲಸವನ್ನು ಆರಂಭಿಸಬಹುದು.