ಹೊಸ ಬೋರಿನ ಹಳೆಯ ಗಾಡಿ

ಮನೆಯ ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ತಿಜೋರಿಗೆ ಹಿಡಿಯದ ವಸ್ತುಗಳೂ ಕೆಲವಿರುತ್ತವೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆಗೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ತಾಡಪಾಲು ಹೊದ್ದು ನಿಂತಿರುವ ಜಾವಾ ಅಥವಾ ಯೆಜ್ಡಿ ಗಾಡಿಯು ಅಂಥದೊಂದು. ಮೈಸೂರಿನ ಐಡಿಯಲ್ ಜಾವಾ ಕಾರಖಾನೆಯು ಝೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಿಗೆಯಿಂದ ೧೯೬೧ರಲ್ಲಿ ಈ ಗಾಡಿಗಳನ್ನು ತಯಾರಿಸಲಾರಂಭಿಸಿತು. ೧೯೭೩ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರಖಾನೆಯೇ ಮುಚ್ಚಿತು. ಅವೇ ಹೆಸರುಗಳು ಈಚೆಗೆ ಪುನಃ ಪೇಟೆಗೆ ಬಂದಿರುವುದುಂಟು; ಆದರೆ ಆ ಗಾಡಿಗಳು ಫೋರ್-ಸ್ಟ್ರೋಕಿನವು. ಹಳೆಯವುಗಳದು ಟೂ-ಸ್ಟ್ರೋಕ್ ಇಂಜಿನ್ನು. ಆದುದರಿಂದ ಮನೆಯಲ್ಲಿರುವ ಹಳೆಯ ಸಿಲಿಂಡರಿಗೆ ಬೆಲೆ ಬಹಳ.

ಸವೆದ ಸಿಲಿಂಡರನ್ನು ಲೇತಿನವರ ಕಡೆಗೆ ಒಯ್ದು ಬೋರ್ ಮಾಡಿಸಿ, ಅದಕ್ಕೆ ತಕ್ಕಂತೆ ತುಸು ದೊಡ್ಡದಾದ ಪಿಸ್ಟನ್ನನ್ನೂ ಹೊಸ ರಿಂಗುಗಳನ್ನೂ ಕೂಡಿಸುವುದು ವಾಡಿಕೆ. ಇದಕ್ಕೂ ಮಿತಿಯುಂಟು. ಸಾಮಾನ್ಯವಾಗಿ ಕಾಲು ಮಿಲಿಮೀಟರಿನಂತೆ ಕೆಲವೇ ಸಲ ಬೋರನ್ನು ಹಿಗ್ಗಿಸಬಹುದು. ಆಮೇಲೆ ಒಳಗೆ ಹೊಸ ಸ್ಲೀವು ಹಾಕಿಸಬೇಕಾಗುತ್ತದೆ. ಅಂದಮೇಲೆ ಗಾಡಿಯನ್ನು ಮರಳಿ ಕೊಡುವಾಗ ಮಿಸ್ತ್ರಿಯು "ಇನ್ನ ಸ್ವಲ್ಪ ದಿನ ಸಾವಕಾಶ ಹೊಡೀರಿ" ಎಂದು ಹೇಳುವ ಮಾತನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ.

ಈ ಸಾವಕಾಶವೇತಕ್ಕೆ? ಹೊಸದಾಗಿ ಬೋರ್ ಮಾಡಿದ ಗೋಡೆಯು ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೈತುಂಬ ಸೂಕ್ಷ್ಮವಾದ ಗೀರುಗಳಿರುತ್ತವೆ. ರಿಂಗು ಗೋಡೆಯನ್ನು ಮೊದಮೊದಲು ಆ ಗೀರುಗಳ ತುದಿಗಳಲ್ಲಿ ಮಾತ್ರ ಮುಟ್ಟುವುದು. ಆ ತುದಿಗಳು ಮೆಲ್ಲಗೆ ಸವೆದು ಎರಡೂ ಒಂದಕ್ಕೊಂದು ಒಗ್ಗುವವರೆಗೆ ತಿಕ್ಕಾಟವೂ ಶಾಖವೂ ಹೆಚ್ಚು. ಇದರ ಮೇಲೆ, ಅಲ್ಯುಮಿನಿಯಮ್ಮಿನ ಪಿಸ್ಟನ್ನು ಬೀಡುಕಬ್ಬಿಣದ ಸಿಲಿಂಡರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿ ಹಿಗ್ಗುವ ಸ್ವಭಾವದ್ದು. ಶಾಖವೇರಿದಾಗ ಪಿಸ್ಟನ್ನು ಗೋಡೆಯನ್ನು ಕಚ್ಚಿ ನಿಂತುಬಿಡಬಹುದು. ಇದಕ್ಕೇ ಸೀಜ್ ಆಗುವುದೆನ್ನುತ್ತಾರೆ. ಓಡುತ್ತಿರುವ ಗಾಡಿಯ ಹಿಂದಿನ ಗಾಲಿಯು ಆಗ ಥಟ್ಟನೆ ಬಿಗಿದು ಜಾರುವುದು. ಬೋರಿನ ಖರ್ಚು ಹೋದರೆ ಹೋಗಲಿ. ಹಿಂದೆ ಹೆಂಡತಿ, ಮುಂದೆ ಟಾಕಿಯ ಮೇಲೆ ಮಗು ಕುಳಿತಿದ್ದರೆ ಏನು ಗತಿ? ಈ ಅವಧಿಯು ಮುಗಿಯುವವರೆಗೆ ಸವಾರನು ಒಬ್ಬನೇ ಹೋಗತಕ್ಕದ್ದು. ಸಂತೆಯ ಚೀಲವೂ ಬೇಡ. ಇಂಜಿನ್ನಿನ ಸ್ವರವು ಕುಗ್ಗಿ, ಗಾಡಿಯನ್ನು ಯಾರೋ ಹಿಂದಕ್ಕೆ ಜಗ್ಗಿದಂತಾದರೆ ಆ ಕ್ಷಣವೇ ಕ್ಲಚ್ಚನ್ನು ಹಿಡಿಯಬೇಕು. ಎಡಗೈಯ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರುವುದು ಲೇಸು.

ಎಣ್ಣೆಯ ಸಂಗತಿಯನ್ನು ಗೃಹಿಣಿಯರೂ ತಿಳಿದಿರುವುದು ಒಳ್ಳೆಯದು, ಯಾತಕ್ಕೆಂದರೆ ಅಳತೆಯಲ್ಲಿ ಅವರ ಕೈಯೇ ನಂಬಿಗೆಯದು. ಈ ಇಂಜಿನ್ನಿನ ಪಿಸ್ಟನ್ನಿಗೆ ಬೇರೆ ಎಣ್ಣೆಯ ಕುಂಡವಿಲ್ಲ. ಪೆಟ್ರೋಲಿನೊಡನೆ ಬೆರೆತು ಬಂದ ಎಣ್ಣೆಯೇ ಅದರ ಜೀವ. ಲೀಟರು ಪೆಟ್ರೋಲಿಗೆ ೪೦ ಮಿಲಿಲೀಟರು ಟೂ-ಟಿ ಎಣ್ಣೆಯೆಂದರೆ ಇಪ್ಪತ್ತೈದಕ್ಕೆ ಒಂದು ಪಾಲಾಯಿತು. ಹೊಸ ಬೋರಿಗೆ ತುಸು ಹೆಚ್ಚಿಸಿ ೫೦ ಹಾಕುವವರುಂಟು. ಇನ್ನೂ ಹೆಚ್ಚಾದರೆ ಇನ್ನೂ ಮೇಲೆಂಬ ಭಾವನೆಯು ಮಾತ್ರ ಸಲ್ಲದು. ಎಣ್ಣೆ ಹೆಚ್ಚಿದಷ್ಟು ಅದೇ ಹನಿಯಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಉರಿಯು ಬಿಸಿಯೇರುವುದು, ಪ್ಲಗ್ಗೂ ಮಸಿಗಟ್ಟುವುದು.

ಮೊದಲ ದಿನ ಹತ್ತು ನಿಮಿಷ ಓಡಿಸಿ, ಕೈಯಿಂದ ಮುಟ್ಟಬಹುದಾದಷ್ಟು ತಣಿಯಲು ಬಿಡಬೇಕು. ಹೀಗೆ ಮೂರುನಾಲ್ಕು ಸಲ. ತಣಿದ ಮೇಲೆ ಹೆಡ್ಡಿನ ನಟ್ಟುಗಳನ್ನು ಮಿಸ್ತ್ರಿಯಿಂದ ಒಮ್ಮೆ ಬಿಗಿ ಮಾಡಿಸತಕ್ಕದ್ದು. ಬಾಗಿಲು ಮುಚ್ಚಿದ ಕೋಣೆಯಲ್ಲಂತೂ ಇಂಜಿನ್ನನ್ನು ಎಂದೂ ಚಾಲೂ ಇಡಬಾರದು. ಆ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಳಿಕ ಐದುನೂರು ಕಿಲೋಮೀಟರಿನವರೆಗೆ ತಾಸಿಗೆ ೪೦-೫೦ರ ಆಚೆಗೆ ಹೋಗದಿರುವುದು ಒಳಿತು. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಎಳೆಯುವುದಾಗಲಿ, ದೊಡ್ಡ ಗೇರಿನಲ್ಲಿ ಮುಕ್ಕರಿಸುತ್ತ ಏರು ಹತ್ತಿಸುವುದಾಗಲಿ ಬೇಡ. ಆದರೆ ಕೇವಲ ಮುದ್ದು ಮಾಡಿದರೂ ರಿಂಗುಗಳು ಕೂಡುವುದಿಲ್ಲ. ಉರಿಯ ಒತ್ತಡವೇ ಅವನ್ನು ಗೋಡೆಗೆ ಒತ್ತುವುದರಿಂದ, ನಡುನಡುವೆ ಅರ್ಧ ಎಕ್ಸಲೇಟರ್ ಕೊಟ್ಟು ಕ್ಷಣಕಾಲ ಎಳೆಯಲು ಬಿಟ್ಟು ಪುನಃ ತಗ್ಗಿಸಬೇಕು. ಹಾನಗಲ್ಲಿನಿಂದ ಶಿರಸಿಯ ಕಡೆಗೆ ಹೋಗುವವರು ಇಳಿಜಾರುಗಳಲ್ಲಿ ವಿಶೇಷ ಎಚ್ಚರ ವಹಿಸತಕ್ಕದ್ದು. ಪೆಟ್ರೋಲು ಉಳಿಯಿತೆಂದು ಎಕ್ಸಲೇಟರನ್ನು ಪೂರಾ ಮುಚ್ಚಿ ಗೇರಿನಲ್ಲೇ ಇಳಿದರೆ, ಇಂಜಿನ್ನು ವೇಗವಾಗಿ ತಿರುಗುತ್ತಿದ್ದರೂ ಅದಕ್ಕೆ ಎಣ್ಣೆಯೇ ದೊರೆಯದು. ಆಗಾಗ ಒಂದಿಷ್ಟು ತೆರೆದು ಗುಟುಕು ಕೊಡುತ್ತ ಇಳಿಯಬೇಕು.

ಪ್ಲಗ್ಗನ್ನು ಬಿಚ್ಚಿ ನೋಡಿದರೆ ಒಳಗಿನ ಕ್ಷೇಮಸಮಾಚಾರ ತಿಳಿಯುವುದು. ಕಾಫಿಯ ಬಣ್ಣ ಶುಭ. ಕರಿದಾಗಿ ಒದ್ದೆಯಿದ್ದರೆ ಎಣ್ಣೆ ಅಥವಾ ಪೆಟ್ರೋಲು ಅತಿಯಾಗಿದೆ. ಸುಣ್ಣದಂತೆ ಬೆಳ್ಳಗಾಗಿದ್ದರೆ ಶಾಖವೇರಿದೆ, ಕಾರ್ಬ್ಯುರೇಟರನ್ನು ತೋರಿಸುವವರೆಗೆ ಗಾಡಿಯನ್ನು ಹೊರಡಿಸಬಾರದು.

ಗದ್ದೆಯ ಬದುವಿನ ಹುಲ್ಲು ಕೊಯ್ಯುವ ಯಂತ್ರಗಳಲ್ಲಿಯೂ ಮಾವಿಗೆ ಔಷಧಿ ಹೊಡೆಯುವ ಬೆನ್ನಿನ ಪಂಪುಗಳಲ್ಲಿಯೂ ಹಲವು ಟೂ-ಸ್ಟ್ರೋಕಿನವೇ. ಅವುಗಳ ಪಿಸ್ಟನ್ನು ಬದಲಿಸಿದಾಗಲೂ ಮೊದಲ ಎರಡು ಮೂರು ಟಾಕಿ ಪೆಟ್ರೋಲು ಮುಗಿಯುವವರೆಗೆ ಅರ್ಧ ಎಕ್ಸಲೇಟರಿನಲ್ಲಿ, ನಡುವೆ ತಣಿಸುತ್ತ ಕೆಲಸ ತೆಗೆದುಕೊಳ್ಳಬೇಕು.