ಜೇಬಿನಲ್ಲಿರಬೇಕಾದ ಸಕ್ಕರೆ

ಮಧುಮೇಹಿಗಳು ಸಕ್ಕರೆಯಿಂದ ದೂರವಿರತಕ್ಕದ್ದೆಂಬುದು ನಮ್ಮಲ್ಲಿ ರೂಢವಾದ ತಿಳಿವಳಿಕೆ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸಕ್ಕರೆ ಇರಲೇಬೇಕು. ಚುಚ್ಚಿಕೊಂಡ ಇನ್ಸುಲಿನ್, ಪಾವತಿ ತಡೆಯಲಾಗದ ಚೆಕ್ಕಿನಂತೆ. ಲೋಕಲ್ ರೈಲು ನಿಂತು ಊಟ ತಡವಾದರೂ ಅದು ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ.

100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಅಲಕ್ಷಿಸಲಾಗದು. ಬೆವರು, ನಡುಕ, ಎದೆಬಡಿತ, ಅತಿಯಾದ ಹಸಿವು ಇದರ ಮುನ್ಸೂಚನೆಗಳು. ಮುಂಬಯಿಯ ಸಂಜೆಯ ನೂಕುನುಗ್ಗಲಿನಲ್ಲಿ ಬೆವರದವರಾರು? ಹೀಗಾಗಿ ಸೂಚನೆ ಗಮನಕ್ಕೆ ಬಾರದೆ ಹೋಗುವುದುಂಟು. ಇನ್ನೂ ಇಳಿದರೆ ಮಿದುಳಿಗೆ ಆಹಾರ ಸಾಲದೆ ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ. ಸುತ್ತಲಿನವರು ಕುಡುಕನೆಂದು ಬಗೆದು ದೂರ ಸರಿಯುತ್ತಾರೆ. ಆದುದರಿಂದ ರೋಗದ ವಿವರವುಳ್ಳ ಚೀಟಿಯೊಂದು ಜೊತೆಗಿರಲಿ. ಅದು ಹಿಂದಿಯಲ್ಲೋ ಮರಾಠಿಯಲ್ಲೋ ಇರಲಿ. ಇಲ್ಲಿ ಮಾತ್ರ ಕನ್ನಡಾಭಿಮಾನ ಸಲ್ಲದು!

ಸೂಚನೆ ಕಂಡೊಡನೆ 15 ಗ್ರಾಂ ಗ್ಲೂಕೋಸ್ ಅಥವಾ 3-4 ಟೀ ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷಗಳ ನಂತರ ರಕ್ತ ಪರೀಕ್ಷಿಸಿ, 70ಕ್ಕೆ ಏರದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯಬೇಕು. ಏರಿದ ಮೇಲೆ ಊಟ. ಚಾಕೊಲೇಟು, ಮೈಸೂರುಪಾಕು ಈ ಹೊತ್ತಿಗೆ ನಿರುಪಯುಕ್ತ. ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಿಸುತ್ತದೆ.

ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಉಸಿರುನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.