ಮದುವೆಯ ಕೇಕಿನ ಮೇಲೆ ಸಮನಾದ ಪಟ್ಟೆ

ಮದುವೆಯ ಐರಣೆ ಮಡಕೆಗಳಿಗೆ ಸುಣ್ಣ, ಕೆಮ್ಮಣ್ಣುಗಳ ಪಟ್ಟೆ ಬಳಿದು ಅವನ್ನು ಮಂಗಳವಸ್ತುಗಳೆಂದು ಪೂಜಿಸುತ್ತ ಬಂದ ಹಳೆಯ ಮೈಸೂರು ಸೀಮೆಯಲ್ಲಿ ವಿವಾಹಕ್ಕೂ ಪಟ್ಟೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಕ್ರೈಸ್ತ ಕುಟುಂಬಗಳ ಮದುವೆಗಳಲ್ಲಿ ಮೊದಲಿನಿಂದಲೂ ಇದ್ದ ಕೇಕು ಈಚೆಗೆ ಚಾಮರಾಜನಗರ, ಗುಂಡ್ಲುಪೇಟೆಗಳ ಕಲ್ಯಾಣಮಂಟಪಗಳಲ್ಲಿ ನಡೆಯುವ ಇತರರ ಆರತಕ್ಷತೆಗೂ ಪ್ರವೇಶಿಸಿದೆ. ಮೊಟ್ಟೆಯನ್ನು ಮುಟ್ಟದ ಮನೆಗಳು ಬಹಳವಾಗಿರುವ ಈ ಜಿಲ್ಲೆಯಲ್ಲಿ ಅದರ ದಾರಿ ಸುಗಮವಾದುದರಲ್ಲಿ, 1898ರಲ್ಲಿ ಬೆಂಗಳೂರಿನಲ್ಲಿ ಮೊದಲಾಗಿ ಊರೂರಿಗೂ ಹಬ್ಬಿದ ಅಯ್ಯಂಗಾರ್ ಬೇಕರಿಗಳ ಮೊಟ್ಟೆರಹಿತ ಕೇಕಿನ ಪಾಲೂ ಉಂಟು.

ಈ ಕೇಕಿನ ಮೇಲೆ ಕ್ರೀಮಿನ ಗುಲಾಬಿಗಳಿಗಿಂತ ಪಟ್ಟೆಯ ಅಲಂಕಾರ ಸುಲಭವೆಂದು ತೋರಿದರೂ ವಸ್ತುತಃ ಅದೇ ಕಠಿನವಾದುದು. ಹೂವಿನ ದಳವೊಂದು ಕೊಂಚ ಬಾಗಿದರೆ ಅದು ಹೂವಿನ ಸ್ವಭಾವವೆಂದೇ ನೋಡುವವರು ಭಾವಿಸುತ್ತಾರೆ. ಪಟ್ಟೆ ನೂಲೆಳೆಯಷ್ಟು ಓರೆಯಾದರೂ ಕಣ್ಣು ಅಲ್ಲಿಯೇ ತೊಡರಿ ನಿಲ್ಲುತ್ತದೆ. ಆದುದರಿಂದ ಪಟ್ಟೆಯ ಚೆಲುವು ಕೈಚಳಕಕ್ಕಿಂತ ಹೆಚ್ಚಾಗಿ ಅಳತೆಯನ್ನೂ ತಂಪನ್ನೂ ಅವಲಂಬಿಸಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಳತೆಯ ಮಾತನ್ನು ಮೊದಲು ನೋಡೋಣ. ನಿಲುವು ಪಟ್ಟೆಗಳನ್ನು ಎರಡು ಬಣ್ಣಗಳಲ್ಲಿ ಒಂದು ಬಿಟ್ಟು ಒಂದರಂತೆ ಎಳೆಯುವುದಾದರೆ ಅವುಗಳ ಸಂಖ್ಯೆ ಸಮಸಂಖ್ಯೆಯೇ ಆಗಿರತಕ್ಕದ್ದು. ಇಲ್ಲವಾದರೆ ಸುತ್ತು ಮುಗಿಯುವೆಡೆಯಲ್ಲಿ ಒಂದೇ ಬಣ್ಣದ ಎರಡು ಪಟ್ಟೆಗಳು ಮೈಗೆ ಮೈ ತಾಗಿ ನಿಲ್ಲುತ್ತವೆ. ಇನ್ನು ಮೂರಂತಸ್ತಿನ ಕೇಕಿನಲ್ಲಿ ಎಲ್ಲ ಪಟ್ಟೆಗಳ ಅಗಲವೂ ಒಂದೇ ಆಗಬೇಕೆಂದು ಬಯಸುವವರಿಗೆ ವೃತ್ತದ ಗಣಿತವು ಸೊಗಸಾದ ನೆರವನ್ನೀಯುತ್ತದೆ: 6, 8, 10 ಅಂಗುಲ ವ್ಯಾಸದ ಅಂತಸ್ತುಗಳಿಗೆ ಕ್ರಮವಾಗಿ 12, 16, 20 ಪಟ್ಟೆಗಳನ್ನು ಇಟ್ಟುಕೊಂಡರೆ ಒಂದೊಂದರ ಅಗಲವೂ ಬಹುಮಟ್ಟಿಗೆ 4 ಸೆಂಟಿಮೀಟರೇ ಆಗುತ್ತದೆ, ಮೂರು ಸಂಖ್ಯೆಗಳೂ ಸಮವೇ ಆಗಿರುತ್ತವೆ. ಆದರೆ ಕ್ರೀಮಿನ ಲೇಪವು ವ್ಯಾಸವನ್ನು ಹಿಗ್ಗಿಸುವುದರಿಂದ, ಲೇಪವಾದ ಬಳಿಕವೇ ಕಾಗದದ ಪಟ್ಟಿಯೊಂದನ್ನು ಸುತ್ತಿ ಅಳೆದು, ಅದನ್ನು ಸಮಭಾಗ ಮಾಡಿ, ಆ ಗುರುತುಗಳನ್ನು ಹಲ್ಲುಕಡ್ಡಿಯಿಂದ ಕೇಕಿನ ಬುಡಕ್ಕೂ ತಲೆಗೂ ಒತ್ತಿ, ಆಮೇಲೆ ಚಪ್ಪಟೆ ನಾಝಲ್ ತೊಡಿಸಿದ ಕ್ರೀಮಿನ ಚೀಲವನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಎಳೆಯುವುದು ಕ್ರಮ.

ಅಡ್ಡಪಟ್ಟೆಯ ವಿಧಾನವೇ ಬೇರೆ. ಕುಂಬಾರನು ಕುಂಚವನ್ನು ನಿಶ್ಚಲವಾಗಿ ಹಿಡಿದು ತಿಗರಿಯನ್ನು ತಿರುಗಿಸಿ ಮಡಕೆಗೆ ಗೆರೆ ಬರಿಸುವಂತೆ, ಇಲ್ಲಿಯೂ ಕೈ ಸ್ಥಿರ, ಕೇಕು ಚರ. ತಿರುಗುಮಣೆಯ ಮೇಲಿನ ಕೇಕಿಗೆ ಬಿಳಿಯ ಬೆಣ್ಣೆಕ್ರೀಮನ್ನು ದಪ್ಪವಾಗಿ ಬಳಿದು, ಹಲ್ಲುಗಳುಳ್ಳ ಹಲಗೆಯನ್ನು ನೆಟ್ಟಗೆ ಒತ್ತಿ ತಿರುಗಿಸಿದರೆ ಸುತ್ತಲೂ ಕಾಲುವೆಗಳು ಮೂಡುತ್ತವೆ. ಆ ಹಂತದಲ್ಲಿ ಕೇಕನ್ನು ಫ್ರಿಜ್ಜಿನಲ್ಲಿಟ್ಟು, ಬೆರಳಿಗೆ ಅಂಟದಷ್ಟು ಗಟ್ಟಿಯಾಗಲು ಬಿಡಬೇಕು. ಈ ಕಾಯುವಿಕೆಯನ್ನು ಮೊಟಕುಗೊಳಿಸಿದವರಿಗೆ ಪಟ್ಟೆ ದೊರೆಯುವುದಿಲ್ಲ, ಕಲಸಿದ ಬಣ್ಣ ಮಾತ್ರ ದೊರೆಯುತ್ತದೆ. ಗಟ್ಟಿಯಾದ ಕಾಲುವೆಗಳಲ್ಲಿ ಎರಡನೆಯ ಬಣ್ಣದ ಮೆತ್ತನೆಯ ಕ್ರೀಮನ್ನು ತುಸು ಉಬ್ಬುವಂತೆ ತುಂಬಿ, ನೇರವಾದ ಅಂಚಿನ ಹಲಗೆಯಿಂದ ಕೆರೆಯುತ್ತ ಹೋದಾಗ ಮೊದಲ ಸುತ್ತುಗಳಲ್ಲಿ ಎಲ್ಲವೂ ಹಾಳಾಯಿತೆಂಬಂತೆ ಬಣ್ಣ ಹರಡುತ್ತದೆ. ಹಲಗೆಯನ್ನು ಪ್ರತಿ ಸಲವೂ ಒರೆಸಿ ಮುಂದುವರಿದರೆ ಮೇಲಿನ ಪದರ ಕಳಚಿ, ಗೆರೆಗಳು ಕತ್ತರಿಸಿಟ್ಟಂತೆ ಸ್ಪಷ್ಟವಾಗಿ ಗೋಚರಿಸುತ್ತವೆ. ಬೇಕರಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸಸ್ಯಜನ್ಯ ವಿಪ್ಪಿಂಗ್ ಕ್ರೀಮು ಬೆಣ್ಣೆಯಷ್ಟು ಗಟ್ಟಿಯಾಗದ ಕಾರಣ, ಅದಕ್ಕೆ ನಾಝಲಿನ ಪಟ್ಟೆಯೇ ಲೇಸು. ಬೆಣ್ಣೆಯಾದರೋ 32 ರಿಂದ 35 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ವಸ್ತು; ಚೈತ್ರ, ವೈಶಾಖಗಳ ಲಗ್ನಗಳಿಗೆ ಪಟ್ಟೆಯ ಕೆಲಸವನ್ನು ಮುಂಜಾವಿನಲ್ಲಿಯೇ ಮುಗಿಸುವುದು ವಿವೇಕ.

ಬಣ್ಣಕ್ಕೆ ಪರದೇಶವನ್ನು ಹುಡುಕಬೇಕಾಗಿಲ್ಲ. ಮುಂಗಾರಿನಲ್ಲಿ ಗುಂಡ್ಲುಪೇಟೆಯ ಹೊಲಗಳನ್ನು ಹೊನ್ನಾಗಿಸುವ ಚೆಂಡುಹೂವು ಬಣ್ಣದ ಕಾರ್ಖಾನೆಗಳಿಗೆ ಹೋಗುವ ಬೆಳೆ. ಈ ಜಿಲ್ಲೆಯ ಅರಿಸಿನವಂತೂ ಮನೆಯಲ್ಲಿಯೇ ಇದೆ. ಅರಿಸಿನದ ವರ್ಣದ್ರವ್ಯ ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುವುದಾದ್ದರಿಂದ, ಚಿಟಿಕೆ ಪುಡಿಯನ್ನು ಬೆಚ್ಚನೆಯ ಬೆಣ್ಣೆಯಲ್ಲಿ ಕದಡಿ ಸೋಸಿ, ಆರಿದ ಮೇಲೆ ಕ್ರೀಮಿಗೆ ಬೆರೆಸಿದರೆ ನಿರ್ಮಲವಾದ ಹಳದಿ ಬರುತ್ತದೆ. ಬಿಸಿಲಿಗೆ ಅದು ಮಾಸುತ್ತದೆ, ಕಿಟಕಿಯ ಬಳಿ ಇಡಲಾಗದು. ಬೀಟ್‌ರೂಟಿನ ಕೆಂಪು ನೀರಿನಲ್ಲಿ ಕರಗುವ ಬಣ್ಣ. ಬಿಳಿಯ ಪಕ್ಕದಲ್ಲಿ ಅದು ಅಂಚು ಮೀರಿ ಒಸರುವ ಭಯ ಹೆಚ್ಚು.

ಮೈಸೂರಿನಿಂದ ಕೇಕು ತರಿಸುವವರು ಸುಮಾರು 60 ಕಿಲೋಮೀಟರ್ ದಾರಿಯನ್ನು ಗಮನದಲ್ಲಿಟ್ಟು, ಅಂತಸ್ತುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ತರಿಸಿ, ಭಾರ ಹೊರುವ ಕಡ್ಡಿಗಳನ್ನು ಕೆಳಗಿನ ಅಂತಸ್ತುಗಳಿಗೆ ಚುಚ್ಚಿ, ಎದುರಿನ ನಡುಪಟ್ಟೆಗಳು ಒಂದೇ ನೇರಕ್ಕೆ ಬರುವಂತೆ ಮಂಟಪದಲ್ಲಿಯೇ ಜೋಡಿಸುವುದು ಉಚಿತ. ತಣ್ಣಗಿರುವ ಕೇಕನ್ನು ಬೆಚ್ಚನೆಯ ಸಭಾಂಗಣದಲ್ಲಿ ಥಟ್ಟನೆ ತೆರೆದರೆ ಗಾಳಿಯ ತೇವ ಹನಿಗಟ್ಟಿ ಬಣ್ಣಗಳು ಒಂದರೊಳಗೊಂದು ಇಳಿಯುತ್ತವೆ; ಪೆಟ್ಟಿಗೆಯೊಳಗೇ ಅರ್ಧ ಗಂಟೆಯಾದರೂ ಬಿಟ್ಟು, ಚಳಿ ಕೊಂಚ ಮುರಿದ ಮೇಲೆ ಹೊರತೆಗೆಯಬೇಕು.